ಮುಂದಿನ ಭಾನುವಾರದಿಂದ ಶುರು ಮಾಡಿ: ಧರ್ಮಕೇಂದ್ರದ ಪ್ರಾರ್ಥನೆ ಆಳವಾಗಲು ಕೆಲವು ಹೆಜ್ಜೆಗಳು

ಒಂದು ಭಾನುವಾರ ನಮ್ಮ ಕಥೋಲಿಕ ಧರ್ಮಕೇಂದ್ರದ (ಪ್ಯಾರಿಷ್) ದೇವಾಲಯದಲ್ಲಿ ಬಲಿಪೂಜೆ (ಮಾಸ್) ಮುಗಿಸಿ ಹೊರಗೆ ಬರುತ್ತಿದ್ದೆ. ತಡವಾಗಿ ಬಂದಿದ್ದ ಹಿರಿಯರೊಬ್ಬರು, "ಇವತ್ತು ಮೊದಲನೇ ವಾಚನ ಏನಿತ್ತು?" ಎಂದು ಕೇಳಿದರು. ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಪೂಜೆಯಲ್ಲಿ ಬೈಬಲಿನಿಂದ ಓದುವ ಆ ವಾಚನವನ್ನು ಓದಿದ್ದು ನಾನೇ. ಓದಿ ಒಂದು ಗಂಟೆಯೂ ಆಗಿರಲಿಲ್ಲ. ಉಚ್ಚಾರ ಸರಿಯಾಗಿತ್ತು, ಧ್ವನಿ ಕೊನೆಯ ಸಾಲಿನವರೆಗೂ ಕೇಳಿತ್ತು. ಆದರೆ ಮಾತು ನನ್ನೊಳಗೆ ಇಳಿದೇ ಇರಲಿಲ್ಲ. ಆ ದಿನ ಮನಸ್ಸಿಗೆ ತುಂಬಾ ನೋವಾಯಿತು.

ಆಮೇಲೆ ಎಲ್ಲರ ಹಾಗೆ ನಾನೂ ಹೊಸದನ್ನು ಹುಡುಕಿದೆ. ಹೊಸ ಪ್ರಾರ್ಥನಾ ಪುಸ್ತಕ, ಹೊಸ ನೊವೇನ (ಒಂಬತ್ತು ದಿನದ ಪ್ರಾರ್ಥನೆ), ಹೊಸ ಆ್ಯಪ್. ಒಂದಷ್ಟು ದಿನ ಹುಮ್ಮಸ್ಸು ಇರುತ್ತಿತ್ತು, ಆಮೇಲೆ ಮತ್ತೆ ಅದೇ ಬರಡು. ಬೇಕಾದದ್ದೆಲ್ಲ ನಮ್ಮ ದೇವಾಲಯದಲ್ಲೇ ಇದೆ ಎಂದು ಗೊತ್ತಾಗುವುದಕ್ಕೆ ವರ್ಷಗಳೇ ಹಿಡಿದವು. ವಾಚನ ಗ್ರಂಥ ಇದೆ, ಪೂಜಾಗ್ರಂಥ ಇದೆ, ಕೀರ್ತನೆಗಳಿವೆ, ಪಕ್ಕದಲ್ಲಿ ಕೂತ ಜನ ಇದ್ದಾರೆ. ಭಾನುವಾರದ ಬಲಿಪೂಜೆಯನ್ನು ನಡುವೆ ಇಟ್ಟು, ವಾರದ ಉಳಿದ ಪ್ರಾರ್ಥನೆಯನ್ನು ಅದರ ಸುತ್ತ ಕಟ್ಟಿದರೆ ಎಲ್ಲಕ್ಕೂ ಒಂದು ನೆಲೆ ಸಿಗುತ್ತದೆ. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ದೈವಾರಾಧನೆಯ ಬಗ್ಗೆ ಹೊರಡಿಸಿದ ದಾಖಲೆಯಲ್ಲೂ ಇದೇ ಮಾತಿದೆ. ಧರ್ಮಸಭೆಯ ಕೆಲಸವೆಲ್ಲ ಹೋಗಿ ಮುಟ್ಟುವ ಶಿಖರ ದೈವಾರಾಧನೆ, ಅದರ ಶಕ್ತಿಯೆಲ್ಲ ಹರಿದು ಬರುವ ಒರತೆಯೂ ಅದೇ ಎನ್ನುತ್ತದೆ ಆ ದಾಖಲೆ.

ಕೆಳಗೆ ಹೇಳಿರುವುದನ್ನೆಲ್ಲ ಒಟ್ಟಿಗೆ ಶುರು ಮಾಡಬೇಡಿ. ಒಂದು ಹೆಜ್ಜೆಯನ್ನು ನಾಲ್ಕು ವಾರ ಮಾಡಿ ನೋಡಿ, ಆಮೇಲೆ ಇನ್ನೊಂದು. ಮೊದಲನೆಯದನ್ನು ಮಾತ್ರ ಬಿಡಬೇಡಿ.

ಹೆಜ್ಜೆ 1: ಭಾನುವಾರದ ವಾಚನಗಳನ್ನು ಬುಧವಾರವೇ ಓದಿ

ಮೊದಲು ಯಾವ ವರ್ಷ ನಡೆಯುತ್ತಿದೆ ಎಂದು ತಿಳಿದುಕೊಳ್ಳಿ. ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ಮರಳಿ ಬರುತ್ತವೆ. ಶುಭಸಂದೇಶ, ಅಂದರೆ ಯೇಸುವಿನ ಬದುಕನ್ನು ಹೇಳುವ ಗ್ರಂಥ, 'ಎ' ವರ್ಷದಲ್ಲಿ ಮತ್ತಾಯ, 'ಬಿ' ವರ್ಷದಲ್ಲಿ ಮಾರ್ಕ, 'ಸಿ' ವರ್ಷದಲ್ಲಿ ಲೂಕ. ಯೊವಾನ್ನರ ಶುಭಸಂದೇಶ ಹೆಚ್ಚಾಗಿ ತಪಸ್ಸು ಕಾಲದಲ್ಲೂ (ಈಸ್ಟರ್‌ಗೆ ಮುಂಚಿನ ವಾರಗಳು) ಪಾಸ್ಖ ಕಾಲದಲ್ಲೂ (ಈಸ್ಟರ್‌ನಿಂದ ಮುಂದಿನ ವಾರಗಳು) ಬರುತ್ತದೆ. ಮಾರ್ಕನ ಶುಭಸಂದೇಶ ಚಿಕ್ಕದಾದ್ದರಿಂದ 'ಬಿ' ವರ್ಷದಲ್ಲಿ ಯೊವಾನ್ನರ ಆರನೇ ಅಧ್ಯಾಯವನ್ನು ಐದು ಭಾನುವಾರ ಓದುತ್ತೇವೆ. ವರ್ಷ ಪತ್ತೆ ಮಾಡುವುದು ಸುಲಭ. ಇಸವಿಯನ್ನು 3ರಿಂದ ಭಾಗಿಸಿ, ಏನೂ ಉಳಿಯದಿದ್ದರೆ ಅದು 'ಸಿ'. 2025 ಹಾಗೆ ಭಾಗವಾಗುತ್ತದೆ. ಆದ್ದರಿಂದ 2026 'ಎ', 2027 'ಬಿ'. ಒಂದು ವಿಷಯ ನೆನಪಿರಲಿ, ಈ ವರ್ಷ ಜನವರಿಯಲ್ಲಿ ಶುರುವಾಗುವುದಿಲ್ಲ, ಹಿಂದಿನ ಆಗಮನ ಕಾಲದ (ಕ್ರಿಸ್ಮಸ್‌ಗೆ ಮುಂಚಿನ ವಾರಗಳು) ಮೊದಲ ಭಾನುವಾರದಿಂದಲೇ ಲೆಕ್ಕ.

ಇನ್ನು ಓದುವ ಕ್ರಮ. ಬಲಿಪೂಜೆಯಲ್ಲಿ ಕೇಳುವ ಕ್ರಮದಲ್ಲಿ ಓದಬೇಡಿ. ಶುಭಸಂದೇಶವನ್ನು ಮೊದಲು ಓದಿ. ಆಮೇಲೆ ಮೊದಲನೇ ವಾಚನ. ಈ ಎರಡನ್ನೂ ಜೋಡಿಸಿದವರು ಸುಮ್ನೆ ಜೋಡಿಸಿಲ್ಲ. ವರ್ಷದ ಹೆಚ್ಚಿನ ಭಾನುವಾರಗಳಲ್ಲಿ ಹಳೆಯ ಒಡಂಬಡಿಕೆಯ ಭಾಗವನ್ನು ಆ ದಿನದ ಶುಭಸಂದೇಶಕ್ಕೆ ತಕ್ಕಂತೆ ಆರಿಸಿರುತ್ತಾರೆ. ಆ ಕೊಂಡಿ ಎಲ್ಲಿದೆ ಎಂದು ನೀವೇ ಹುಡುಕಿ.

ಒಂದು ಉದಾಹರಣೆ ಕೊಡುತ್ತೇನೆ. 'ಸಿ' ವರ್ಷದ ಸಾಮಾನ್ಯ ಕಾಲದ (ಆಗಮನ, ಕ್ರಿಸ್ಮಸ್, ತಪಸ್ಸು, ಪಾಸ್ಖ ಕಾಲಗಳನ್ನು ಬಿಟ್ಟು ಉಳಿದ ವಾರಗಳು) 28ನೇ ಭಾನುವಾರ. ಶುಭಸಂದೇಶ ಲೂಕ 17ನೇ ಅಧ್ಯಾಯದ್ದು. ಯೇಸು ಹತ್ತು ಮಂದಿ ಕುಷ್ಠರೋಗಿಗಳನ್ನು ಗುಣಪಡಿಸುತ್ತಾರೆ, ಒಬ್ಬ ಮಾತ್ರ ಕೃತಜ್ಞತೆ ಹೇಳಲು ಹಿಂತಿರುಗಿ ಬರುತ್ತಾನೆ. ಅವನು ಸಮಾರಿಯದವನು, ಹೊರಗಿನವನು. ಈಗ ಮೊದಲನೇ ವಾಚನಕ್ಕೆ ಬನ್ನಿ. ಅದು ಅರಸುಗಳ ಎರಡನೇ ಗ್ರಂಥದಲ್ಲಿ ಬರುವ ನಾಮಾನನ ಕಥೆ. ಅವನೂ ಕುಷ್ಠರೋಗಿ, ಅವನೂ ಹೊರಗಿನವನು, ಸಿರಿಯ ದೇಶದ ಸೇನಾಪತಿ. ಜೋರ್ಡನ್ ನದಿಯಲ್ಲಿ ಏಳು ಸಲ ಮುಳುಗಿ ಗುಣವಾದ ಮೇಲೆ ಅವನೂ ಎಲೀಷನ ಬಳಿಗೆ ಹಿಂತಿರುಗಿ ಬರುತ್ತಾನೆ. ಇವೆರಡರ ನಡುವೆ 98ನೇ ಕೀರ್ತನೆ. ಪ್ರಭು ತನ್ನ ರಕ್ಷಣೆಯನ್ನು ಎಲ್ಲ ಜನಾಂಗಗಳಿಗೂ ತೋರಿಸಿದ್ದಾನೆ ಎಂಬುದೇ ಅಲ್ಲಿನ ಹಾಡು. ಮೂರನ್ನೂ ಒಟ್ಟಿಗೆ ಓದಿದಾಗ ಒಂದೇ ಮಾತು ಮೂರು ಬಾಯಿಂದ ಕೇಳಿದ ಹಾಗಾಗುತ್ತದೆ. ಬುಧವಾರ ಇದನ್ನು ಕಂಡವರು ಭಾನುವಾರ ಗುರುಗಳ ಪ್ರಬೋಧನೆ ಕೇಳುವ ರೀತಿಯೇ ಬೇರೆ.

ಎರಡನೇ ವಾಚನವನ್ನು ಕೊನೆಗೆ ಓದಿ. ಸಾಮಾನ್ಯ ಕಾಲದಲ್ಲಿ ಅದು ತನ್ನದೇ ದಾರಿಯಲ್ಲಿ ಹೋಗುತ್ತದೆ. ಒಂದು ಪತ್ರವನ್ನು ವಾರದಿಂದ ವಾರಕ್ಕೆ ಮುಂದುವರಿಸುತ್ತಾರೆ. ಮೇಲೆ ಹೇಳಿದ ಭಾನುವಾರ ತಿಮೊಥೇಯನಿಗೆ ಬರೆದ ಎರಡನೇ ಪತ್ರ ನಡೆಯುತ್ತಿರುತ್ತದೆ. ಅದನ್ನು ಶುಭಸಂದೇಶಕ್ಕೆ ಬಲವಂತವಾಗಿ ಹೊಂದಿಸಲು ಹೋಗಬೇಡಿ. ಪಾಸ್ಖ ಕಾಲದಲ್ಲಿ ಇನ್ನೊಂದು ಬದಲಾವಣೆ ಇದೆ. ಆಗ ಮೊದಲನೇ ವಾಚನ ಪ್ರೇಷಿತರ ಕಾರ್ಯಕಲಾಪಗಳಿಂದ ಬರುತ್ತದೆ.

ಇಷ್ಟಕ್ಕೆಲ್ಲ ಹದಿನೈದು ನಿಮಿಷ ಸಾಕು. ಮನೆಯಲ್ಲಿ ಮಕ್ಕಳಿದ್ದರೆ ಶುಭಸಂದೇಶವನ್ನು ಮಾತ್ರ ಜೋರಾಗಿ ಓದಿ, "ಇದರಲ್ಲಿ ನಿನಗೆ ಯಾರು ಇಷ್ಟವಾದರು?" ಎಂದು ಕೇಳಿ. ಭಾನುವಾರ ಅದೇ ಕಥೆ ದೇವಾಲಯದಲ್ಲಿ ಕೇಳಿಸಿದಾಗ ಅವರ ಮುಖ ನೋಡಿ.

ಹೆಜ್ಜೆ 2: ಅದೇ ಶುಭಸಂದೇಶವನ್ನು ಕೆಲವರು ಸೇರಿ ಪ್ರಾರ್ಥಿಸಿ

ಬೈಬಲನ್ನು ಓದಿ ಪ್ರಾರ್ಥಿಸುವ ಒಂದು ಹಳೆಯ ಪದ್ಧತಿ ನಮ್ಮಲ್ಲಿದೆ. ಲೆಕ್ಸಿಯೊ ದಿವಿನಾ ಎನ್ನುತ್ತಾರೆ. 12ನೇ ಶತಮಾನದ ಕಾರ್ಥೂಸಿಯನ್ ಮಠವಾಸಿ ಎರಡನೇ ಗೀಗೊ ಇದನ್ನು ನಾಲ್ಕು ಮೆಟ್ಟಿಲ ಏಣಿಗೆ ಹೋಲಿಸಿದರು. ಓದು, ಮನನ, ಪ್ರಾರ್ಥನೆ, ಮೌನಧ್ಯಾನ. ಅವರೇ ಕೊಟ್ಟ ಇನ್ನೊಂದು ಹೋಲಿಕೆ ನನಗೆ ತುಂಬಾ ಇಷ್ಟ. ಓದು ತುತ್ತನ್ನು ಬಾಯಿಗಿಡುತ್ತದೆ, ಮನನ ಅದನ್ನು ಅಗಿಯುತ್ತದೆ, ಪ್ರಾರ್ಥನೆ ರುಚಿ ಹಿಡಿಯುತ್ತದೆ, ಮೌನಧ್ಯಾನ ಎಂದರೆ ಆ ಸವಿಯೇ. ಧರ್ಮಕೇಂದ್ರದಲ್ಲಿ ಆರೆಂಟು ಮಂದಿ ಸೇರಿದರೆ ಇದನ್ನು 40 ನಿಮಿಷದಲ್ಲಿ ಮಾಡಬಹುದು.

ವೃತ್ತಾಕಾರದಲ್ಲಿ ಕೂತುಕೊಳ್ಳಿ. ಪವಿತ್ರಾತ್ಮರನ್ನು ಕರೆಯುವ ಒಂದು ಚಿಕ್ಕ ಪ್ರಾರ್ಥನೆ ಹೇಳಿ. ಒಬ್ಬರು ಶುಭಸಂದೇಶವನ್ನು ನಿಧಾನವಾಗಿ ಓದಲಿ. ಎರಡು ನಿಮಿಷ ಮೌನ. ಗಡಿಯಾರ ನೋಡಿಯೇ ಎರಡು ನಿಮಿಷ, ಅಂದಾಜಿನಲ್ಲಿ ಬೇಡ, ಅಂದಾಜಿನ ಎರಡು ನಿಮಿಷ ಇಪ್ಪತ್ತು ಸೆಕೆಂಡಿಗೇ ಮುಗಿದುಬಿಡುತ್ತದೆ. ಆಮೇಲೆ ಪ್ರತಿಯೊಬ್ಬರೂ ತಮ್ಮನ್ನು ತಡೆದು ನಿಲ್ಲಿಸಿದ ಒಂದು ಪದವನ್ನೋ ಸಾಲನ್ನೋ ಹೇಳಲಿ. ವಿವರಣೆ ಬೇಡ.

ಇನ್ನೊಬ್ಬರು ಅದೇ ಭಾಗವನ್ನು ಮತ್ತೆ ಓದಲಿ. ಈ ಸಲ ಮೌನ ಐದು ನಿಮಿಷ. ಈ ಮಾತು ನನ್ನ ಬದುಕಿನಲ್ಲಿ ಎಲ್ಲಿ ಮುಟ್ಟುತ್ತದೆ ಎಂದು ಯೋಚಿಸಿ, ಬೇಕೆನಿಸಿದವರು ಎರಡು ಮೂರು ವಾಕ್ಯದಲ್ಲಿ ಹೇಳಲಿ. ಹೇಳದಿದ್ದರೂ ಏನೂ ತೊಂದರೆ ಇಲ್ಲ. ಮೂರನೇ ಸಲ ಓದಿದ ಮೇಲೆ ಯಾರೂ ಪರಸ್ಪರ ಮಾತಾಡುವುದಿಲ್ಲ, ದೇವರೊಂದಿಗೆ ಮಾತ್ರ ಮಾತಾಡುತ್ತಾರೆ, ಒಂದೊಂದೇ ವಾಕ್ಯದ ಪ್ರಾರ್ಥನೆಯಾಗಿ. ಆಮೇಲೆ ಸುಮ್ಮನೆ ಕೂತುಕೊಳ್ಳಿ. ಪರಲೋಕ ಮಂತ್ರದಿಂದ ಮುಗಿಸಿ.

ಇಂಥ ಗುಂಪು ಒಡೆಯುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಯಾರಾದರೊಬ್ಬರು ಪ್ರಬೋಧನೆ ಶುರು ಮಾಡಿಬಿಡುತ್ತಾರೆ. "ನಾವು ಹೀಗಿರಬೇಕು", "ಇಂದಿನ ಕಾಲದವರು ಹಾಗೆ" ಎಂಬ ಮಾತು ಬಂದಾಗ ಉಳಿದವರ ಬಾಯಿ ಕಟ್ಟುತ್ತದೆ. ಅದಕ್ಕೇ ಮೊದಲ ದಿನವೇ ಒಂದು ಒಪ್ಪಂದ ಮಾಡಿಕೊಳ್ಳಿ. ಪ್ರತಿ ಮಾತೂ "ನನಗೆ" ಎಂದೇ ಶುರುವಾಗಬೇಕು. ಇನ್ನೊಬ್ಬರು ಹೇಳಿದ್ದನ್ನು ತಿದ್ದಬಾರದು, ಅದಕ್ಕೆ ಸಲಹೆ ಕೊಡಬಾರದು. ಅಲ್ಲಿ ಕೇಳಿದ್ದು ಅಲ್ಲೇ ಉಳಿಯಬೇಕು. ಅರ್ಥದ ಬಗ್ಗೆ ನಿಜವಾದ ಪ್ರಶ್ನೆ ಬಂದರೆ ಬರೆದಿಟ್ಟುಕೊಂಡು ಗುರುಗಳನ್ನು ಕೇಳಿ.

ಹೆಜ್ಜೆ 3: ಬಲಿಪೂಜೆಯೊಳಗಿನ ಮೌನಗಳನ್ನು ಬಳಸಿಕೊಳ್ಳಿ

ಹತ್ತು ನಿಮಿಷ ಮೊದಲೇ ಬಂದು ಕೂತುಕೊಳ್ಳಿ. ಈ ಒಂದು ಅಭ್ಯಾಸದಷ್ಟು ಫಲ ಕೊಟ್ಟದ್ದು ನನ್ನ ಅನುಭವದಲ್ಲಿ ಬೇರೆ ಇಲ್ಲ. ಪರಮ ಪ್ರಸಾದ (ಪೂಜೆಯಲ್ಲಿ ಕ್ರಿಸ್ತನ ದೇಹವೆಂದು ಕೊಡುವ ರೊಟ್ಟಿ) ಸ್ವೀಕರಿಸುವ ಒಂದು ಗಂಟೆ ಮೊದಲು ಏನನ್ನೂ ತಿನ್ನಬಾರದು ಎಂಬ ನಿಯಮವೂ ಇದೇ ಸಿದ್ಧತೆಯ ಭಾಗ. ನೀರು, ಔಷಧಿಗೆ ಅಡ್ಡಿಯಿಲ್ಲ. ವಯಸ್ಸಾದವರಿಗೆ, ಕಾಯಿಲೆಯವರಿಗೆ, ಅವರನ್ನು ನೋಡಿಕೊಳ್ಳುವವರಿಗೆ ಈ ನಿಯಮ ಅನ್ವಯಿಸುವುದಿಲ್ಲ.

ಪೂಜಾಗ್ರಂಥದ ಸಾಮಾನ್ಯ ಸೂಚನೆಗಳು ಮೌನ ಎಲ್ಲೆಲ್ಲಿ ಇರಬೇಕು ಎಂದು ಸ್ಪಷ್ಟವಾಗಿ ಹೇಳುತ್ತವೆ. ಪಶ್ಚಾತ್ತಾಪದ ಸಮಯದಲ್ಲಿ, "ಪ್ರಾರ್ಥಿಸೋಣ" ಎಂದ ತಕ್ಷಣ, ವಾಚನಗಳ ನಂತರ, ಪ್ರಬೋಧನೆಯ ನಂತರ, ಪರಮ ಪ್ರಸಾದ ಸ್ವೀಕರಿಸಿದ ನಂತರ. ಈ ಮೌನಗಳು ಆರಾಧನೆಯ ಭಾಗವೇ ಎಂದು ನಮಗೆ ಯಾರೂ ಹೇಳಿಕೊಟ್ಟಿರುವುದಿಲ್ಲ, ಅಲ್ವಾ? ಅದಕ್ಕೇ ಅದನ್ನು ಕೆಮ್ಮುವುದರಲ್ಲೋ ಪುಟ ತಿರುಗಿಸುವುದರಲ್ಲೋ ಕಳೆಯುತ್ತೇವೆ.

"ಪ್ರಾರ್ಥಿಸೋಣ" ಎನ್ನುವ ಕ್ಷಣವನ್ನೇ ತೆಗೆದುಕೊಳ್ಳಿ. ಅದಾದ ಮೇಲೆ ಗುರುಗಳು ಹೇಳುವ ಪ್ರಾರ್ಥನೆಗೆ ಲ್ಯಾಟಿನ್‌ನಲ್ಲಿ ಕೊಲೆಕ್ತ ಎಂದು ಹೆಸರು. ಒಟ್ಟುಗೂಡಿಸುವುದು ಎಂದರ್ಥ. ಮೌನದಲ್ಲಿ ಪ್ರತಿಯೊಬ್ಬರೂ ತಮ್ಮ ಬೇಡಿಕೆಯನ್ನು ದೇವರ ಮುಂದಿಡುತ್ತಾರೆ, ಗುರುಗಳು ಅದನ್ನೆಲ್ಲ ಒಂದುಗೂಡಿಸಿ ಅರ್ಪಿಸುತ್ತಾರೆ. ಹಾಗಾಗಿ ಮನೆಯಿಂದ ಹೊರಡುವಾಗಲೇ ಈ ವಾರದ ಒಂದು ಬೇಡಿಕೆಯನ್ನು ಗೊತ್ತುಮಾಡಿಕೊಂಡು ಬನ್ನಿ. ಕಾಣಿಕೆ ಅರ್ಪಿಸುವಾಗ ವಾರದ ದುಡಿಮೆಯನ್ನು, ಸೋತದ್ದನ್ನೂ ಸೇರಿಸಿ, ರೊಟ್ಟಿ ದ್ರಾಕ್ಷಾರಸದ ಜೊತೆಗಿಡಿ. ಆ ರೊಟ್ಟಿ ದ್ರಾಕ್ಷಾರಸದ ಮೇಲೆ ಗುರುಗಳು ಹೇಳುವ ಕೃತಜ್ಞತಾ ಪ್ರಾರ್ಥನೆಯ ಕೊನೆಯಲ್ಲಿ ನಾವು ಹೇಳುವ "ಆಮೆನ್" ಆ ಇಡೀ ಪ್ರಾರ್ಥನೆಗೆ ನಾವು ಹಾಕುವ ಒಪ್ಪಿಗೆ. ಅದನ್ನು ಗಟ್ಟಿಯಾಗಿ ಹೇಳಿ.

ನಿಮ್ಮಲ್ಲಿ ಮೌನವೇ ಇಲ್ಲದೆ ಪೂಜೆ ಓಡುತ್ತಿದ್ದರೆ ಗುರುಗಳ ಬಳಿ ಒಬ್ಬರೋ ಇಬ್ಬರೋ ಹೋಗಿ ಪ್ರೀತಿಯಿಂದ ಕೇಳಿ. ದೂರಿನ ಧ್ವನಿ ಬೇಡ. "ಪರಮ ಪ್ರಸಾದದ ನಂತರ ಎರಡು ನಿಮಿಷ ಹಾಡಿಲ್ಲದೆ ಇರಬಹುದೇ, ಸ್ವಾಮಿ?" ಎಂದರೆ ಸಾಕು. ಇಂಥದ್ದೊಂದು ಚಿಕ್ಕ ಬೇಡಿಕೆಯನ್ನು ಒಪ್ಪಿಕೊಳ್ಳುವುದು ಅವರಿಗೂ ಸುಲಭ.

ಹೆಜ್ಜೆ 4: ಸೇವೆ ಮಾಡುವವರು ಮೊದಲು ಪ್ರಾರ್ಥಿಸಲಿ

ವಾಚಕರಿಗೆ ನನ್ನ ಮಾತು ಇಷ್ಟೇ. ವಾರದಲ್ಲಿ ಮೂರು ಸಲ ಜೋರಾಗಿ ಓದಿ. ಮಾತಾಡುತ್ತಿರುವವರು ಯಾರು, ಯಾರಿಗೆ, ಸಿಟ್ಟಿನಲ್ಲೋ ಅಳುವಿನಲ್ಲೋ ಎಂದು ತಿಳಿದುಕೊಳ್ಳಿ. ಬಿಡಿ ಹಾಳೆಯಿಂದ ಓದಬೇಡಿ, ಗ್ರಂಥದಿಂದಲೇ ಓದಿ. ಕೊನೆಯ ವಾಕ್ಯ ಮುಗಿದ ಮೇಲೆ ಒಂದು ಉಸಿರು ನಿಂತು, ಆಮೇಲೆ "ಪ್ರಭುವಿನ ವಾಕ್ಯವಿದು" ಎನ್ನಿ.

ವಿಶ್ವಾಸಿಗಳ ಪ್ರಾರ್ಥನೆಯನ್ನು ಬರೆಯುವವರು ಸ್ವಲ್ಪ ಜಾಸ್ತಿ ಕಷ್ಟಪಡಬೇಕು. ಅದಕ್ಕೊಂದು ಕ್ರಮವಿದೆ. ಮೊದಲು ಧರ್ಮಸಭೆಯ ಅಗತ್ಯಗಳು, ನಂತರ ಆಡಳಿತ ನಡೆಸುವವರು ಮತ್ತು ಇಡೀ ಲೋಕದ ರಕ್ಷಣೆ, ನಂತರ ಯಾವುದೇ ಕಷ್ಟದಲ್ಲಿರುವವರು, ಕೊನೆಗೆ ನಮ್ಮದೇ ಸಮುದಾಯ. ತುಂಬಾ ಕಡೆ ಇದು ದೇವರಿಗೆ ಸುದ್ದಿ ಹೇಳುವ ಭಾಷಣವಾಗುತ್ತದೆ, ಇಲ್ಲವೇ ಜನರಿಗೆ ಬುದ್ಧಿ ಹೇಳುವ ನೆಪವಾಗುತ್ತದೆ. ಒಂದು ಬೇಡಿಕೆಗೆ ಎರಡು ಸಾಲು ಸಾಕು. ಆ ವಾರ ಧರ್ಮಕೇಂದ್ರದಲ್ಲಿ ತೀರಿಕೊಂಡವರು ಯಾರು, ಕೆಲಸ ಕಳೆದುಕೊಂಡವರು ಇದ್ದಾರಾ, ಯಾರ ಮನೆಯಲ್ಲಿ ಮಗು ಹುಟ್ಟಿದೆ ಎಂದು ವಿಚಾರಿಸಿ ಬರೆಯಿರಿ. ಅಚ್ಚಾದ ಪುಸ್ತಕದಿಂದ ಎತ್ತಿದ ಬೇಡಿಕೆಗೂ ಹೀಗೆ ಬರೆದದ್ದಕ್ಕೂ ಇರುವ ವ್ಯತ್ಯಾಸ ಜನರ ಉತ್ತರದಲ್ಲೇ ಕೇಳಿಸುತ್ತದೆ.

ಗಾನವೃಂದದವರು ಹೊಸ ಹಾಡು ಕಲಿಯುವ ಮೊದಲು ಪೂಜೆಯದ್ದೇ ಭಾಗಗಳನ್ನು ಹಾಡಿಸಲಿ. ಅಲ್ಲೆಲೂಯ, "ಪವಿತ್ರರು", ಆಮೆನ್, ಕೀರ್ತನೆಯ ಪಲ್ಲವಿ. ಇವನ್ನು ಇಡೀ ಸಭೆ ಹಾಡುವಂತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಹೆಜ್ಜೆ 5: ವಾರದ ದಿನಗಳಿಗೆ ಕೀರ್ತನೆಗಳು

ಗುರುಗಳೂ ಕನ್ಯಾಸ್ತ್ರೀಯರೂ ದಿನದ ಬೇರೆ ಬೇರೆ ಹೊತ್ತಿನಲ್ಲಿ ಮಾಡುವ ಪ್ರಾರ್ಥನೆ, ಅಂದರೆ ಬ್ರೆವಿಯರಿ, ನಮ್ಮದೂ ಹೌದು. 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಅದರಲ್ಲಿ ನಾಲ್ಕು ವಾರಕ್ಕೊಮ್ಮೆ ಬರುತ್ತವೆ. ಪುಸ್ತಕದ ಗಾತ್ರ ನೋಡಿ ಹೆದರಬೇಡಿ. ಮಲಗುವ ಮುಂಚಿನ ಪ್ರಾರ್ಥನೆಯಿಂದ ಶುರು ಮಾಡಿ. ಭಾನುವಾರದ ಕೀರ್ತನೆಯನ್ನೇ ಪ್ರತಿ ರಾತ್ರಿಯೂ ಹೇಳಲು ಅವಕಾಶವಿದೆ. 91ನೇ ಕೀರ್ತನೆ, ಒಂದು ಚಿಕ್ಕ ವಾಚನ, ವೃದ್ಧ ಸಿಮೆಯೋನ ಮಗು ಯೇಸುವನ್ನು ಎತ್ತಿಕೊಂಡು ಹೇಳಿದ ಸ್ತೋತ್ರ. ಒಂದು ತಿಂಗಳಲ್ಲಿ ಬಾಯಿಪಾಠವಾಗುತ್ತದೆ. ಆಮೇಲೆ ದೀಪ ಆರಿಸಿಯೇ ಹೇಳಬಹುದು.

ಕೆಲವು ದಿನ ಕೀರ್ತನೆ ನಮ್ಮ ಮನಸ್ಸಿಗೆ ಹೊಂದುವುದಿಲ್ಲ. ನಾವು ಖುಷಿಯಾಗಿರುವಾಗ ಅಳುವ ಕೀರ್ತನೆ ಬರುತ್ತದೆ. ನನಗೆ ಇದು ತುಂಬಾ ದಿನ ಕಿರಿಕಿರಿ ಮಾಡಿತು. ಈಗ ಆ ಹೊತ್ತಿನಲ್ಲಿ ಅಳುತ್ತಿರುವ ಒಬ್ಬರನ್ನು ನೆನೆದು, ಅವರ ಬಾಯಾಗಿ ಹೇಳುತ್ತೇನೆ. ಹೇಗೂ ಇದು ಇಡೀ ಧರ್ಮಸಭೆಯ ಪ್ರಾರ್ಥನೆ.

ಧರ್ಮಕೇಂದ್ರದಲ್ಲಿ ವಾರಕ್ಕೊಂದು ಸಂಜೆ ಇದನ್ನು ಸೇರಿ ಮಾಡಬಹುದು. ಗುರುಗಳು ಇಲ್ಲದಿದ್ದರೂ ಸಾಮಾನ್ಯ ವಿಶ್ವಾಸಿಯೊಬ್ಬರು ನಡೆಸಬಹುದು. ಒಂದು ಗೀತೆ, ಎರಡು ಕೀರ್ತನೆ, ಹೊಸ ಒಡಂಬಡಿಕೆಯ ಒಂದು ಸ್ತೋತ್ರ, ಚಿಕ್ಕ ವಾಚನ, ಮಾತೆ ಮರಿಯಳ ಸ್ತುತಿಗೀತೆ, ಬಿನ್ನಹಗಳು, ಪರಲೋಕ ಮಂತ್ರ, ಮುಕ್ತಾಯದ ಪ್ರಾರ್ಥನೆ. ಸಭೆ ಎರಡು ಭಾಗವಾಗಿ ಚರಣಗಳನ್ನು ಸರದಿಯಲ್ಲಿ ಹೇಳಲಿ. ಕೊನೆಗೆ ನಡೆಸುವವರು ಆಶೀರ್ವಾದದ ಕೈ ಎತ್ತುವುದಿಲ್ಲ. "ಪ್ರಭು ನಮ್ಮನ್ನು ಆಶೀರ್ವದಿಸಲಿ" ಎಂದು ತಮ್ಮನ್ನೂ ಸೇರಿಸಿ ಬೇಡುತ್ತಾರೆ, ಎಲ್ಲರೂ ತಂತಮ್ಮ ಮೇಲೆ ಶಿಲುಬೆ ಗುರುತು ಹಾಕಿಕೊಳ್ಳುತ್ತಾರೆ.

ಜಪಸರ (ರೋಸರಿ) ಹೇಳುವವರು ಅದನ್ನು ಬಿಡಬೇಕಿಲ್ಲ. ಸ್ವಲ್ಪ ನಿಧಾನ ಮಾಡಿ, ಪ್ರತಿ ರಹಸ್ಯದ (ಧ್ಯಾನಿಸುವ ಘಟನೆಯ) ಮೊದಲು ಅದಕ್ಕೆ ತಕ್ಕ ಶುಭಸಂದೇಶದ ಎರಡು ವಾಕ್ಯ ಓದಿ. ಗುರುವಾರ ಬೆಳಕಿನ ರಹಸ್ಯಗಳನ್ನು ಮರೆಯಬೇಡಿ. ಸಂತ ಎರಡನೇ ಜಾನ್ ಪಾಲ್ 2002ರಲ್ಲಿ ಅವನ್ನು ಕೊಟ್ಟ ಮೇಲೆ ಯೇಸುವಿನ ಬಹಿರಂಗ ಸೇವೆಯ ವರ್ಷಗಳೂ ಜಪಸರದೊಳಗೆ ಬಂದವು.

ಹೆಜ್ಜೆ 6: ತಿಂಗಳಿಗೊಂದು ಗಂಟೆ ಪರಮ ಪ್ರಸಾದದ ಮುಂದೆ

ಆರಾಧನೆಯ ಗಂಟೆಯನ್ನು ಹಾಡು, ಪ್ರಾರ್ಥನೆ, ಭಾಷಣದಿಂದ ತುಂಬಿಸುವ ಆಸೆ ಸಂಘಟಕರಿಗೆಲ್ಲ ಇರುತ್ತದೆ. ಅದನ್ನು ತಡೆದುಕೊಳ್ಳಿ. ಮೊದಲ ಹತ್ತು ನಿಮಿಷ ಒಂದು ಹಾಡು ಮತ್ತು ಬರುವ ಭಾನುವಾರದ ಶುಭಸಂದೇಶ. ಕೊನೆಯ ಹತ್ತು ನಿಮಿಷ ಬಿನ್ನಹ ಮತ್ತು ಆಶೀರ್ವಾದ. ನಡುವಿನ ನಲವತ್ತು ನಿಮಿಷ ಬಿಟ್ಟುಕೊಡಿ. ಆ ಹೊತ್ತಿನಲ್ಲಿ ಇನ್ನೊಬ್ಬ ಗುರುಗಳು ಪಾಪನಿವೇದನೆ ಕೇಳಲು ಕೂತರೆ ಎಷ್ಟೋ ವರ್ಷದಿಂದ ಹೋಗದವರೂ ಎದ್ದು ಹೋಗುತ್ತಾರೆ.

ಮೌನದಲ್ಲಿ ಮನಸ್ಸು ಅಲೆಯುತ್ತದೆ, ಗಡಿಯಾರದ ಕಡೆ ಕಣ್ಣು ಹೋಗುತ್ತದೆ. ಆವಿಲಾದ ಸಂತ ತೆರೇಸಾ, ಪ್ರಾರ್ಥನೆಯ ವಿಷಯದಲ್ಲಿ ಧರ್ಮಸಭೆಯ ದೊಡ್ಡ ಗುರು, ಕೆಲವು ವರ್ಷ ತನಗೂ ಗಂಟೆ ಯಾವಾಗ ಹೊಡೆಯುತ್ತದೋ ಎಂದೇ ಆಗುತ್ತಿತ್ತು ಎಂದು ಬರೆದಿದ್ದಾರೆ. ಆದರೂ ಎದ್ದು ಹೋಗಲಿಲ್ಲ. ಮನಸ್ಸು ಅಲೆದಾಗ ಯೇಸುವಿನ ಹೆಸರನ್ನು ಒಮ್ಮೆ ಹೇಳಿ ಹಿಂತಿರುಗಿ. ಒಂದು ಗಂಟೆಯಲ್ಲಿ ನೂರು ಸಲ ಹಿಂತಿರುಗಿದರೂ ಅದು ಪ್ರಾರ್ಥನೆಯೇ.

ಫೋನು, ಪುಸ್ತಕ, ಕರಪತ್ರ

ಐಬ್ರೆವಿಯರಿ ಎಂಬ ಆ್ಯಪ್‌ನಲ್ಲಿ ದಿನದ ವಾಚನಗಳೂ ಕೀರ್ತನೆಗಳೂ ಸಿಗುತ್ತವೆ. ಪೋಪರ ಪ್ರಾರ್ಥನಾ ಜಾಲದ ಕ್ಲಿಕ್ ಟು ಪ್ರೇ ಎಂಬ ಆ್ಯಪ್‌ನಲ್ಲಿ ಆ ತಿಂಗಳು ಪೋಪರು ಯಾವುದಕ್ಕಾಗಿ ಪ್ರಾರ್ಥಿಸಲು ಕೇಳಿದ್ದಾರೆ ಎಂದು ತಿಳಿಯುತ್ತದೆ. ಯಾವುದಾದರೂ ಒಂದನ್ನು ಮಾತ್ರ ಇಟ್ಟುಕೊಳ್ಳಿ, ಪ್ರಾರ್ಥನೆಯ ಹೊತ್ತಿನಲ್ಲಿ ಉಳಿದ ಸದ್ದುಗಳನ್ನೆಲ್ಲ ಆರಿಸಿ. ಪ್ರಾರ್ಥನೆ ಎಂದರೆ ಏನು ಎಂದು ಆಳವಾಗಿ ತಿಳಿಯಬೇಕಾದರೆ 1992ರ ಕಥೋಲಿಕ ಧರ್ಮಸಭೆಯ ಧರ್ಮೋಪದೇಶದ ನಾಲ್ಕನೇ ಭಾಗ ಓದಿ. ಇಡೀ ಭಾಗ ಪ್ರಾರ್ಥನೆಯ ಬಗ್ಗೆಯೇ ಇದೆ. ದಿನಕ್ಕೆ ಅರ್ಧ ಪುಟದ ಹಾಗೆ ಓದಿದರೆ ಸಾಕು.

ಒಂದು ಎಚ್ಚರಿಕೆ. "ಈ ಪ್ರಾರ್ಥನೆಯನ್ನು ಒಂಬತ್ತು ಜನಕ್ಕೆ ಕಳಿಸಿ, ಇಲ್ಲದಿದ್ದರೆ ಕೇಡಾಗುತ್ತದೆ" ಎಂಬ ಸಂದೇಶಗಳನ್ನು ದಯವಿಟ್ಟು ಅಳಿಸಿಹಾಕಿ. ದೇವರು ನಮ್ಮನ್ನು ಹೆದರಿಸಿ ಪ್ರಾರ್ಥನೆ ಮಾಡಿಸುವುದಿಲ್ಲ. ಪದಗಳನ್ನು ಇಷ್ಟು ಸಲ ಹೇಳಿದರೆ ಕೆಲಸ ಆಗಿಯೇ ಆಗುತ್ತದೆ ಎಂಬ ನಂಬಿಕೆಯನ್ನು ಧರ್ಮೋಪದೇಶ ಮೂಢನಂಬಿಕೆ ಎಂದೇ ಕರೆಯುತ್ತದೆ. ಪ್ರಾರ್ಥನಾ ಪುಸ್ತಕ ಕೊಳ್ಳುವಾಗ ಧರ್ಮಾಧ್ಯಕ್ಷರ ಅನುಮತಿ ಅಚ್ಚಾಗಿದೆಯೇ ಎಂದು ಮೊದಲ ಪುಟಗಳಲ್ಲಿ ನೋಡಿ.

ಹೆಜ್ಜೆ 7: ಮನೆಯಿಂದ ಹೊರಬರಲಾಗದವರನ್ನು ಕೇಳಿ

ಇದನ್ನು ಕೊನೆಗೆ ಬರೆದರೂ ಎಲ್ಲಕ್ಕಿಂತ ಹೆಚ್ಚು ಮನಸ್ಸಿಟ್ಟು ಬರೆಯುತ್ತಿದ್ದೇನೆ. ಹಾಸಿಗೆ ಹಿಡಿದವರಿಗಾಗಿ ನಾವು ಪ್ರಾರ್ಥಿಸುತ್ತೇವೆ, ಅವರ ಮನೆಗೆ ಪರಮ ಪ್ರಸಾದ ಹೋಗುತ್ತದೆ. ಆದರೆ "ನೀವು ನಮಗಾಗಿ ಪ್ರಾರ್ಥಿಸಿ" ಎಂದು ಅವರನ್ನು ಕೇಳುವುದು ಕಡಿಮೆ. ಲಿಸಿಯೂದ ಸಂತ ತೆರೇಸಾ 1888ರಲ್ಲಿ ಕಾರ್ಮೆಲ್ ಮಠ ಸೇರಿ, 1897ರಲ್ಲಿ 24ನೇ ವಯಸ್ಸಿಗೆ ಕ್ಷಯರೋಗದಿಂದ ತೀರಿಕೊಂಡವರು. ಮಠದೊಳಗೇ ಇದ್ದು ದೂರದ ಧರ್ಮಪ್ರಚಾರಕರಿಗಾಗಿ ಪ್ರಾರ್ಥಿಸಿದರು. 1927ರಲ್ಲಿ ಪೋಪ್ 11ನೇ ಪಿಯುಸ್ ಅವರನ್ನು ಧರ್ಮಪ್ರಚಾರದ ಪಾಲಕ ಸಂತರನ್ನಾಗಿ ಘೋಷಿಸಿದರು.

ಹೀಗೆ ಮಾಡಿ. ಮನೆಯಲ್ಲೇ ಇರುವವರ ಪಟ್ಟಿಯನ್ನು ಗುರುಗಳ ಜೊತೆ ಕೂತು ಮಾಡಿ. ಒಪ್ಪಿದವರಿಗೆ ತಿಂಗಳಿಗೆ ಒಂದೇ ಒಂದು ಬೇಡಿಕೆ ಕೊಡಿ. ಅದು ನಿರ್ದಿಷ್ಟವಾಗಿರಲಿ. ಮೊದಲ ಪರಮ ಪ್ರಸಾದಕ್ಕೆ ಸಿದ್ಧವಾಗುತ್ತಿರುವ ಒಂದು ಮಗುವಿನ ಹೆಸರು, ಮದುವೆಯಾಗಲಿರುವ ಒಂದು ಜೋಡಿ, ಪರೀಕ್ಷೆ ಬರೆಯುವ ಒಬ್ಬ ವಿದ್ಯಾರ್ಥಿ. ಆಯಾ ಮನೆಯವರ ಒಪ್ಪಿಗೆ ಕೇಳಿ, ಬೇಡಿಕೆಯನ್ನು ದೊಡ್ಡ ಅಕ್ಷರದಲ್ಲಿ ಚೀಟಿಯಲ್ಲಿ ಬರೆದು, ಪರಮ ಪ್ರಸಾದ ಒಯ್ಯುವವರ ಕೈಯಲ್ಲೇ ಕಳಿಸಿ. ಮುಂದಿನ ತಿಂಗಳು ಹೋದಾಗ, ಹೊಸ ಚೀಟಿ ಕೊಡುವ ಮೊದಲು, ಹಿಂದಿನ ಮಗು ಏನಾಯಿತು, ಮದುವೆ ಹೇಗಾಯಿತು ಎಂದು ಹೇಳಿ. ಸಾಧ್ಯವಾದರೆ ಆ ಮಗುವನ್ನೇ ಕರೆದುಕೊಂಡು ಹೋಗಿ.